ಎರಡು ಚುಕ್ಕಿ, ಒಂದು ಗೆರೆ

ಸಂಜೆ ಏಳರ ಹೊತ್ತಿಗೆ ಮಡಿವಾಳದಲ್ಲಿ ಹೊಸೂರು ರಸ್ತೆಯ ಅಂಚಿಗೆ ನಿಂತರೆ ಒಂದೇ ಗಂಟೆಯಲ್ಲಿ ಕಣ್ಣಿಗೆ ಬೀಳುವಷ್ಟು ಬಗೆಯ ಮುಖಗಳು ಬೆಂಗಳೂರಿನ ಬೇರೆ ಕಡೆ ಸಿಗುವುದು ಕಷ್ಟ. ಕೇರಳಕ್ಕೋ ತಮಿಳುನಾಡಿಗೋ ಹೊರಡುವ ಖಾಸಗಿ ಬಸ್ಸಿಗಾಗಿ ಬ್ಯಾಗನ್ನು ಕಾಲಬುಡದಲ್ಲಿ ಇಟ್ಟುಕೊಂಡು ಕಾಯುವವರು, ಮಾರ್ಕೆಟ್ಟಿನಲ್ಲಿ ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುತ್ತ ಕೂತವರು, ಪಿಜಿಗೆ ಮರಳುತ್ತಿರುವ ಹುಡುಗಿಯರು, ಸಿಲ್ಕ್ ಬೋರ್ಡ್ ದಾಟಿ ಬಂದ ಸುಸ್ತಿಗೆ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಳ್ಳುವ ಡೆಲಿವರಿ ಹುಡುಗರು. ಈ ಬೆರಕೆ ಇವತ್ತಿನದಲ್ಲ. ಇಲ್ಲಿನ ಸೋಮೇಶ್ವರ ದೇವಸ್ಥಾನದ ಹೊರಗೋಡೆಯ ಮೇಲೆ 13ನೆಯ ಶತಮಾನದ ತಮಿಳು ಶಾಸನವಿದೆ. ಹಲವು ನುಡಿಯ ಜನ ಈ ದಾರಿಯಲ್ಲಿ ಹಾದುಹೋಗಲು, ಹಾದುಹೋಗುವವರಲ್ಲಿ ಕೆಲವರು ಇಲ್ಲೇ ನೆಲೆ ನಿಲ್ಲಲು ಶುರುವಾಗಿ ಬಹಳ ಕಾಲವಾಯಿತು.

ಕಾರ್ಟೂನು ಕಲಿಯಬೇಕು ಎನ್ನುವವರು ಮೊದಲು ನಿಲ್ಲಬೇಕಾದ ಜಾಗ ಇಂಥದ್ದು ಎಂದು ನನ್ನ ನಂಬಿಕೆ. "ಏನು ಬಿಡಿಸಲಿ, ಏನೂ ಹೊಳೆಯುತ್ತಿಲ್ಲ" ಎಂಬುದು ಕಲಿಯಲು ಹೊರಟವರ ಮೊದಲ ದೂರು. "ನನ್ನ ಕೈ ಓಡುವುದಿಲ್ಲ" ಎಂಬುದು ಎರಡನೆಯದು. ಮೊದಲನೆಯದು ತಲೆಯ ಕೊರತೆ, ಎರಡನೆಯದು ಕೈಯ ಕೊರತೆ ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ನೋಟದ ವಿಜ್ಞಾನ ಕಳೆದ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಕಂಡುಕೊಂಡದ್ದನ್ನು ಓದುತ್ತ ಹೋದಂತೆ ಎರಡಕ್ಕೂ ಬೇರು ಒಂದೇ ಎಂದು ನನಗೆ ಮನದಟ್ಟಾಗಿದೆ. ಆ ಬೇರು ಇರುವುದು ನೋಟದಲ್ಲಿ. ಸಾಮಾನ್ಯವಾದದ್ದನ್ನು ಎಷ್ಟು ನೋಡಿ ಒಳಗೆ ತುಂಬಿಕೊಂಡಿದ್ದೇವೋ ಅಷ್ಟರ ಮಟ್ಟಿಗೆ ಮಾತ್ರ ವಿಶೇಷವಾದದ್ದು ನಮಗೆ ಕಾಣುತ್ತದೆ, ಕಂಡದ್ದನ್ನಷ್ಟೇ ಕೈ ಬಿಡಿಸುತ್ತದೆ.

ಒಂದು ಹಾಳೆ ತೆಗೆದುಕೊಳ್ಳಿ. ಉದ್ದನೆಯ ಒಂದು ಸುತ್ತುಗೆರೆ, ಒಳಗೆ ಎರಡು ಚುಕ್ಕಿ, ಕೆಳಗೊಂದು ಅಡ್ಡಗೆರೆ. ಮುಖ ಆಯಿತು. ಅಡ್ಡಗೆರೆಯ ಎರಡೂ ತುದಿಗಳನ್ನು ಒಂದು ಕೂದಲೆಳೆಯಷ್ಟು ಕೆಳಗೆ ಬಾಗಿಸಿ ಮತ್ತೊಂದು ಮುಖ ಬಿಡಿಸಿ: ಇವನಿಗೆ ಯಾರದೋ ಮಾತು ಸರಿಬಂದಿಲ್ಲ. ಚುಕ್ಕಿಗಳನ್ನು ಹತ್ತಿರಕ್ಕೆ ತಂದರೆ ಗುಮಾನಿ, ದೂರ ಸರಿಸಿದರೆ ಮುಗ್ಧತೆ. ಏನನ್ನೂ ಉದ್ದೇಶಿಸದೆ ಗೀಚಿದರೂ ಗೀಚಿದ ಮುಖಕ್ಕೆ ಒಂದು ಸ್ವಭಾವ ಬಂದೇ ಬರುತ್ತದೆ. ಜಿನೀವಾದ ಶಾಲಾ ಮಾಸ್ತರ ರೊಡಾಲ್ಫ್ ಟೊಪ್ಫರ್ (1799-1846) ಇದನ್ನು ಗಂಭೀರವಾಗಿ ಅಭ್ಯಾಸ ಮಾಡಿದವನು. ಕಣ್ಣಿನ ದೋಷದಿಂದಾಗಿ ವರ್ಣಚಿತ್ರಕಾರನಾಗುವ ಆಸೆಯನ್ನು ಕೈಬಿಡಬೇಕಾದವನು ಗೆರೆಗಳಲ್ಲೇ ಕಥೆ ಹೇಳತೊಡಗಿದ. ಇವತ್ತಿನ ಕಾಮಿಕ್ಸ್ ಪುಸ್ತಕಗಳ ಪೂರ್ವಜರಲ್ಲಿ ಅವನ ಚಿತ್ರಕಥೆಗಳೂ ಸೇರುತ್ತವೆ. 1845ರಲ್ಲಿ ಮುಖಲಕ್ಷಣಗಳ ಬಗ್ಗೆ ಸಣ್ಣದೊಂದು ಪುಸ್ತಕ ಬರೆದು, ಎಷ್ಟೇ ಒಡ್ಡೊಡ್ಡಾಗಿ ಬಿಡಿಸಿದ ಮುಖಕ್ಕೂ ಭಾವವೊಂದು ಇದ್ದೇ ಇರುತ್ತದೆ ಎಂದು ಸಾಲುಸಾಲು ಮುಖ ಬಿಡಿಸಿ ತೋರಿಸಿದ. ಕಲೆಯ ಇತಿಹಾಸಕಾರ ಅರ್ನ್‌ಸ್ಟ್ ಗೊಂಬ್ರಿಕ್ 1960ರ ತಮ್ಮ 'ಆರ್ಟ್ ಅಂಡ್ ಇಲ್ಯೂಷನ್' ಪುಸ್ತಕದಲ್ಲಿ ಇದಕ್ಕೆ ಟೊಪ್ಫರನ ನಿಯಮ ಎಂದೇ ಹೆಸರಿಟ್ಟರು.

ಹೊಳೆಯುತ್ತಿಲ್ಲ ಎನ್ನುವವರಿಗೆ ಈ ನಿಯಮದಲ್ಲಿ ದೊಡ್ಡ ಸಹಾಯವಿದೆ. ಟೊಪ್ಫರ್ ಪಾತ್ರವನ್ನು ಯೋಚಿಸಿ ಮುಖ ಬಿಡಿಸುವ ಬದಲು ಮುಖ ಬಿಡಿಸಿ, ಇವನು ಯಾರು ಎಂದು ಆಮೇಲೆ ಕೇಳುತ್ತಿದ್ದ. ಒಂದು ಪುಟದಲ್ಲಿ ಮೂವತ್ತು ಸುತ್ತುಗೆರೆ ಹಾಕಿ, ಪ್ರತಿಯೊಂದರಲ್ಲೂ ಚುಕ್ಕಿಗಳನ್ನೂ ಗೆರೆಯನ್ನೂ ಬೇಕೆಂದೇ ಬೇರೆ ಬೇರೆ ಜಾಗದಲ್ಲಿಟ್ಟು ನೋಡಿ. ಹತ್ತನೆಯ ಮುಖ ಮುಗಿಯುವುದರೊಳಗೆ ಕಂಡಕ್ಟರೊಬ್ಬರು, ಹಳೇ ಮೇಷ್ಟರೊಬ್ಬರು, ಬಾಡಿಗೆ ಕೇಳಲು ಬಂದ ಓನರ್ ಒಬ್ಬರು ಹಾಳೆಯಿಂದ ನಿಮ್ಮತ್ತ ನೋಡುತ್ತಿರುತ್ತಾರೆ.

ಮಿದುಳು ಇಷ್ಟು ಸುಲಭಕ್ಕೆ ಒಪ್ಪಿಕೊಳ್ಳುವುದೇಕೆ? ಮುಖದ ಹುಡುಕಾಟವನ್ನು ನಾವು ಹುಟ್ಟುವಾಗಲೇ ತಂದಿರುತ್ತೇವೆ. 1991ರಲ್ಲಿ ಮಾರ್ಕ್ ಜಾನ್ಸನ್ ಮತ್ತು ಸಂಗಡಿಗರು ಆಗತಾನೇ ಹುಟ್ಟಿದ ಕೂಸುಗಳ ಕಣ್ಣೆದುರು ಚಪ್ಪಟೆ ಹಲಗೆಗಳನ್ನು ನಿಧಾನವಾಗಿ ಸರಿಸಿದರು. ಹಲಗೆಯ ಮೇಲೆ ಮುಖದ ಸರಳ ಚಿತ್ರವಿದ್ದಾಗ ಕೂಸುಗಳು ತಲೆಯನ್ನೂ ಕಣ್ಣನ್ನೂ ಹೆಚ್ಚು ದೂರ ತಿರುಗಿಸಿ ಹಿಂಬಾಲಿಸಿದವು. ಅದೇ ಕಣ್ಣು ಮೂಗು ಬಾಯಿಗಳನ್ನು ಅಸ್ತವ್ಯಸ್ತವಾಗಿ ಜೋಡಿಸಿದಾಗ ಅಷ್ಟು ದೂರ ಹಿಂಬಾಲಿಸಲಿಲ್ಲ. ಅಂದರೆ ಮನುಷ್ಯನ ಕೂಸು ಜಗತ್ತಿನಲ್ಲಿ ಮೊದಲು ಹಿಂಬಾಲಿಸುವ ಚಿತ್ರಗಳಲ್ಲಿ ಒಂದು ಕಾರ್ಟೂನೇ ಆಗಿರಬಲ್ಲದು. ಗೋಡೆಯ ಪ್ಲಗ್ ಪಾಯಿಂಟಿನಲ್ಲಿ, ಆಟೋದ ಮುಂಭಾಗದಲ್ಲಿ ನಮಗೆ ಮುಖ ಕಾಣುವುದೂ ಇದೇ ಕಾರಣಕ್ಕೆ.

ಇನ್ನು ಗೆರೆ. ಲೋಕದಲ್ಲಿ ಯಾವ ವಸ್ತುವಿನ ಸುತ್ತಲೂ ಕಪ್ಪು ಗೆರೆ ಎಳೆದಿಲ್ಲ. ಆದರೂ ಗೆರೆಯಲ್ಲಿ ಬಿಡಿಸಿದ ಬದನೆಕಾಯಿಯನ್ನು ಮೂರು ವರ್ಷದ ಮಗುವೂ ಬದನೆಕಾಯಿ ಎನ್ನುತ್ತದೆ. ಇದು ಪುಸ್ತಕ ನೋಡಿ ಕಲಿತ ರೂಢಿಯೇ? ಜೂಲಿಯನ್ ಹಾಕ್‌ಬರ್ಗ್ ಮತ್ತು ವರ್ಜೀನಿಯಾ ಬ್ರೂಕ್ಸ್ ಎಂಬ ಮನೋವಿಜ್ಞಾನಿ ದಂಪತಿ ತಮ್ಮ ಮಗುವಿಗೆ ಹತ್ತೊಂಬತ್ತು ತಿಂಗಳವರೆಗೆ ಯಾವ ಚಿತ್ರದ ಹೆಸರನ್ನೂ ಕಲಿಸದೆ, ಸಾಧ್ಯವಾದಷ್ಟು ಚಿತ್ರಗಳಿಂದಲೇ ದೂರವಿಟ್ಟು ಬೆಳೆಸಿದರು. ಆಮೇಲೆ ಗೆರೆಚಿತ್ರಗಳನ್ನು ತೋರಿಸಿದಾಗ ಮಗು ವಸ್ತುಗಳನ್ನು ಸಲೀಸಾಗಿ ಹೆಸರಿಸಿತು. 1962ರಲ್ಲಿ ಪ್ರಕಟವಾದ ಈ ವರದಿ ಒಂದೇ ಮಗುವಿನದು, ನಿಜ. ಆದರೆ ಗೆರೆಯನ್ನು ಓದುವ ಶಕ್ತಿ ಕಲಿಕೆಗಿಂತ ಹಿಂದಿನದು ಎಂಬುದಕ್ಕೆ ಅಷ್ಟೊತ್ತಿಗೆ ಇನ್ನೊಂದು ಕಡೆಯಿಂದಲೂ ಸುಳಿವು ಸಿಕ್ಕಿತ್ತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸಲ್ ಬೆಕ್ಕಿನ ಮಿದುಳಿನ ಕೋಶಗಳಿಗೆ ಸೂಕ್ಷ್ಮ ವಿದ್ಯುದ್ವಾರ ಚುಚ್ಚಿ, ಗಾಜಿನ ಸ್ಲೈಡಿನ ಮೇಲಿನ ಚುಕ್ಕಿಯನ್ನು ಪರದೆಗೆ ಬಿಟ್ಟು ಕಾಯುತ್ತಿದ್ದರು. ಕೋಶಗಳು ಚುಕ್ಕಿಗೆ ಕ್ಯಾರೇ ಎನ್ನಲಿಲ್ಲ. ಸ್ಲೈಡನ್ನು ಒಳಗೆ ತಳ್ಳುವಾಗ ಗಾಜಿನ ಅಂಚಿನ ನೆರಳು ಪರದೆಯ ಮೇಲೆ ಹಾದುಹೋದಾಗ ಮಾತ್ರ ಒಂದು ಕೋಶ ಚಿಟಪಟ ಸದ್ದು ಮಾಡತೊಡಗಿತು. ಆ ಕೋಶಕ್ಕೆ ಬೇಕಿದ್ದದ್ದು ಒಂದು ಅಂಚು, ಅದೂ ನಿರ್ದಿಷ್ಟ ಓರೆಯಲ್ಲಿ. 1959ರಲ್ಲಿ ಈ ಸಂಶೋಧನೆ ಪ್ರಕಟವಾಯಿತು, 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ದೃಷ್ಟಿಯ ಆರಂಭದ ಮೆಟ್ಟಿಲುಗಳಲ್ಲೇ ಲೋಕವು ಅಂಚುಗಳಾಗಿ ಒಡೆಯುತ್ತದೆ. ಕಾರ್ಟೂನಿಸ್ಟ್ ಕಾಗದದ ಮೇಲೆ ಎಳೆಯುವ ಗೆರೆ ಆ ಕೆಲಸವನ್ನು ಅರ್ಧ ಮುಗಿಸಿಯೇ ಕೊಟ್ಟಿರುತ್ತದೆ. 1988ರಲ್ಲಿ ಇರ್ವಿಂಗ್ ಬೀಡರ್‌ಮನ್ ಮತ್ತು ಗಿನ್ನಿ ಜು ಅಳೆದು ನೋಡಿದಾಗ, ವಸ್ತುಗಳ ಬರೀ ಗೆರೆಚಿತ್ರವನ್ನು ಜನ ಬಣ್ಣದ ಫೋಟೊದಷ್ಟೇ ಬೇಗ ಗುರುತಿಸಿದರು.

ಹಾಗಾದರೆ ಕೈಯೇಕೆ ತಪ್ಪುತ್ತದೆ? ಡೇಲ್ ಕೊಹೆನ್ ಮತ್ತು ಸೂಸನ್ ಬೆನೆಟ್ 1997ರಲ್ಲಿ ಇದೇ ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ಪರೀಕ್ಷಿಸಿದರು. ಕೈಯ ಹಿಡಿತ ಸಾಲದೇ, ಯಾವ ಗೆರೆ ಆರಿಸಬೇಕೆಂಬ ನಿರ್ಧಾರ ತಪ್ಪೇ, ಬಿಡಿಸಿದ್ದನ್ನು ತಿದ್ದಲು ಬಾರದೇ, ಇಲ್ಲವೇ ನೋಡುವುದರಲ್ಲೇ ದೋಷವೇ? ಹೆಚ್ಚಿನ ಪಾಲು ತಪ್ಪು ಕೊನೆಯದರದು ಎಂದು ಅವರು ತೀರ್ಮಾನಿಸಿದರು. ಹಸ್ತಾಕ್ಷರ ಹಾಕಲು ಬರುವ ಯಾವ ಕೈಗೂ ಕಾರ್ಟೂನು ಬಿಡಿಸಲು ಬೇಕಾದ ಹಿಡಿತ ಇದೆ. ನಾವು ಎದುರಿಗಿರುವುದನ್ನು ಬಿಟ್ಟು ನಮಗೆ ಗೊತ್ತಿರುವುದನ್ನು ಬಿಡಿಸುತ್ತೇವೆ, ತೊಡಕು ಅಲ್ಲಿದೆ. ಹೊಸಬರು ಬಿಡಿಸಿದ ಮುಖಗಳನ್ನು ನೋಡಿ: ಕಣ್ಣುಗಳು ಹಣೆಯ ಹತ್ತಿರ ಹತ್ತಿ ಕೂತಿರುತ್ತವೆ, ಬುರುಡೆಯ ಮೇಲರ್ಧವೇ ಇರುವುದಿಲ್ಲ. ಕನ್ನಡಿಯೆದುರು ನಿಂತು ಸ್ಕೇಲಿನಿಂದ ಅಳೆಯಿರಿ. ನೆತ್ತಿಯಿಂದ ಗದ್ದದವರೆಗಿನ ಉದ್ದದಲ್ಲಿ ಕಣ್ಣು ಇರುವುದು ಹೆಚ್ಚುಕಡಿಮೆ ಅರ್ಧಕ್ಕೆ. ನಾವು ಮಾತಾಡುವಾಗ ನೋಡುವುದು ಕಣ್ಣು, ಮೂಗು, ಬಾಯಿಗಳನ್ನು. ಹಣೆ ಮತ್ತು ನೆತ್ತಿಯಲ್ಲಿ ಸುದ್ದಿಯೇನೂ ಇಲ್ಲವಾದ್ದರಿಂದ ಮನಸ್ಸು ಅವನ್ನು ಕುಗ್ಗಿಸಿಬಿಡುತ್ತದೆ.

ಈ ಗೊತ್ತಿರುವಿಕೆಯನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಲು ಹಳೆಯದೊಂದು ಉಪಾಯವಿದೆ. ಬೆಟ್ಟಿ ಎಡ್ವರ್ಡ್ಸ್ 1979ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯ ಮಾಡಿದರು: ನೋಡಿ ಬಿಡಿಸಬೇಕಾದ ಚಿತ್ರವನ್ನು ತಲೆಕೆಳಗಾಗಿ ಇಟ್ಟುಕೊಳ್ಳುವುದು. ಆಗ ಮೂಗು ಮೂಗಾಗಿ ಕಾಣದೆ ಬರೀ ಬಾಗು ಗೆರೆಯಾಗಿ ಕಾಣುತ್ತದೆ, ಕೈ ಆ ಬಾಗನ್ನೇ ಅನುಸರಿಸುತ್ತದೆ. ಬಲ ಮಿದುಳು, ಎಡ ಮಿದುಳು ಎಂದು ಅವರು ಕೊಟ್ಟ ವಿವರಣೆಯನ್ನು ಇವತ್ತು ನರವಿಜ್ಞಾನಿಗಳು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಅಭ್ಯಾಸ ಮಾತ್ರ ಈಗಲೂ ಒಳ್ಳೆಯದು.

ಮುಖದಲ್ಲಿ ಮೊದಲು ಯಾವುದನ್ನು ಹಿಡಿಯಬೇಕು ಎಂದು ಕೇಳಿದರೆ ನಾನು ಹುಬ್ಬು ಎನ್ನುತ್ತೇನೆ. ಎಂಐಟಿಯಲ್ಲಿರುವ ಪವನ್ ಸಿನ್ಹಾ ಮತ್ತು ಸಂಗಡಿಗರು 2003ರಲ್ಲಿ ಪ್ರಸಿದ್ಧರ ಫೋಟೊಗಳಿಂದ ಒಮ್ಮೆ ಕಣ್ಣುಗಳನ್ನು, ಇನ್ನೊಮ್ಮೆ ಹುಬ್ಬುಗಳನ್ನು ಅಳಿಸಿ ತೋರಿಸಿದರು. ಹುಬ್ಬಿಲ್ಲದ ಮುಖಗಳನ್ನು ಗುರುತಿಸಲು ಜನ ಕಣ್ಣಿಲ್ಲದವಕ್ಕಿಂತ ಹೆಚ್ಚು ತಡಕಾಡಿದರು. ಕಣ್ಣಿಗೆ ಚುಕ್ಕಿ ಸಾಕು, ಹುಬ್ಬಿಗೆ ಗಮನ ಕೊಡಿ. ಸಿಟ್ಟು, ಬೆರಗು, ಅಳುಕು, ಅನುಮಾನ ಎಲ್ಲವನ್ನೂ ಎರಡು ಸಣ್ಣ ಗೆರೆಗಳ ಓರೆ ಹೇಳುತ್ತದೆ.

ಈಗ ಈ ಅಧ್ಯಾಯದ ತಿರುಳಿಗೆ ಬರೋಣ. ವ್ಯಂಗ್ಯಚಿತ್ರಕಾರರು ಉತ್ಪ್ರೇಕ್ಷೆ ಮಾಡುತ್ತಾರೆ ಎನ್ನುತ್ತೇವೆ. ಯಾವುದನ್ನು, ಎಷ್ಟು? ಅಮೆರಿಕದ ಸೂಸನ್ ಬ್ರೆನನ್ 1980ರ ದಶಕದ ಆರಂಭದಲ್ಲಿ ಇದಕ್ಕೆ ಲೆಕ್ಕದ ರೂಪ ಕೊಟ್ಟರು. ಹಲವು ಮುಖಗಳನ್ನು ಸೇರಿಸಿ ಒಂದು ಸರಾಸರಿ ಮುಖ ಮಾಡಿಕೊಳ್ಳಿ. ನಿಮ್ಮ ಗೆಳೆಯನ ಮುಖದಿಂದ ಆ ಸರಾಸರಿಯನ್ನು ಕಳೆಯಿರಿ. ಉಳಿಯುವುದೇ ಅವನ ವ್ಯತ್ಯಾಸ: ಇಷ್ಟು ಉದ್ದ ಮೂಗು, ಇಷ್ಟು ಕಿರಿದಾದ ಗದ್ದ. ಆ ವ್ಯತ್ಯಾಸವನ್ನು ಒಂದೂವರೆ ಪಟ್ಟೋ ಎರಡು ಪಟ್ಟೋ ಹಿಗ್ಗಿಸಿ ಮತ್ತೆ ಸರಾಸರಿಗೆ ಕೂಡಿಸಿದರೆ ಕಂಪ್ಯೂಟರ್ ವ್ಯಂಗ್ಯಚಿತ್ರ ಬಿಡಿಸಿಕೊಡುತ್ತದೆ. ವ್ಯತ್ಯಾಸವನ್ನು ಕುಗ್ಗಿಸಿದರೆ ಮುಖ ಯಾರದೂ ಅಲ್ಲದಂತಾಗುತ್ತದೆ. ಗಿಲಿಯನ್ ರೋಡ್ಸ್, ಬ್ರೆನನ್ ಮತ್ತು ಸೂಸನ್ ಕ್ಯಾರಿ 1987ರಲ್ಲಿ ಪರಿಚಿತರ ಮುಖಗಳನ್ನು ಹೀಗೆ ಗೆರೆಗಳಲ್ಲಿ ಮೂಡಿಸಿ ತೋರಿಸಿದಾಗ ಜನ ಯಥಾವತ್ ಚಿತ್ರಕ್ಕಿಂತ ಹಿಗ್ಗಿಸಿದ ಚಿತ್ರವನ್ನು ಬೇಗ ಗುರುತಿಸಿದರು. ಸುಳ್ಳಾಗಿ ಬಿಡಿಸಿದ್ದು ನಿಜಕ್ಕಿಂತ ಬೇಗ ನಿಜದ ಹತ್ತಿರ ಕರೆದೊಯ್ದಿತು! ವಿವರ ಕಿಕ್ಕಿರಿದ ಫೋಟೊಗಳಲ್ಲಿ ಈ ಲಾಭ ಇಷ್ಟು ಎದ್ದು ಕಾಣುವುದಿಲ್ಲ. ಅದು ಗೆರೆಚಿತ್ರದ ಸೊತ್ತು.

ಇದಕ್ಕೆ ಮಿದುಳಿನಲ್ಲಿರುವ ಆಧಾರ ಸಿಕ್ಕಿದ್ದು 2009ರಲ್ಲಿ, ಅದೂ ಕಾರ್ಟೂನುಗಳಿಂದಲೇ. ವಿನ್‌ರಿಕ್ ಫ್ರೈವಾಲ್ಡ್, ಡೋರಿಸ್ ಸಾವ್ ಮತ್ತು ಮಾರ್ಗರೆಟ್ ಲಿವಿಂಗ್‌ಸ್ಟನ್ ಮಂಗಗಳ ಮಿದುಳಿನಲ್ಲಿ ಮುಖಕ್ಕೆಂದೇ ಮೀಸಲಾದ ಭಾಗವನ್ನು ಆರಿಸಿಕೊಂಡರು. ಮುಖದ ಅಗಲ, ಕಣ್ಣುಗಳ ನಡುವಿನ ಅಂತರ, ಪಾಪೆಯ ಗಾತ್ರ ಎಂದು ಹತ್ತೊಂಬತ್ತು ಅಂಶಗಳನ್ನು ಬೇರೆ ಬೇರೆಯಾಗಿ ಬದಲಿಸಬಲ್ಲ ಸರಳ ಕಾರ್ಟೂನು ಮುಖವನ್ನು ತೋರಿಸುತ್ತ ಹೋದರು. ಒಂದೊಂದು ಕೋಶವೂ ಕೆಲವೇ ಅಂಶಗಳ ಮೇಲೆ ಕಣ್ಣಿಟ್ಟಿತ್ತು. ಅದಕ್ಕಿಂತ ಮುಖ್ಯವಾದದ್ದು, ಹೆಚ್ಚಿನ ಕೋಶಗಳು ಅತಿ ಜೋರಾಗಿ ಸ್ಪಂದಿಸಿದ್ದು ತುದಿಗಳಿಗೆ: ಪಾಪೆ ಅತಿ ದೊಡ್ಡದಾದಾಗ, ಕಣ್ಣುಗಳು ಅತಿ ಹತ್ತಿರವಾದಾಗ, ನಿಜವಾದ ಯಾವ ಮಂಗಕ್ಕೂ ಮನುಷ್ಯನಿಗೂ ಇರದಷ್ಟು ಅಳತೆ ಮೀರಿದಾಗ. ಮಿದುಳು ಮುಖವನ್ನು ಇದ್ದಂತೆ ಇಟ್ಟುಕೊಳ್ಳುವ ಬದಲು ಸರಾಸರಿಯಿಂದ ಎತ್ತ, ಎಷ್ಟು ದೂರ ಸರಿದಿದೆ ಎಂದು ಲೆಕ್ಕ ಇಟ್ಟಂತೆ ಕಾಣುತ್ತದೆ. ಮಾರ್ಕೆಟ್ಟಿನಲ್ಲಿ ಕೂತವರಿಗೆ ಟೊಮೆಟೊ ರೇಟು ದಿನವೂ ಗೊತ್ತಿರುವುದರಿಂದಲೇ ಎರಡು ರೂಪಾಯಿ ಏರಿದರೂ ತಕ್ಷಣ ತಿಳಿಯುವ ಹಾಗೆ, ಸಾಮಾನ್ಯ ಮುಖದ ಅಂದಾಜು ಗಟ್ಟಿಯಾಗಿ ಕೂತವರ ಕಣ್ಣಿಗೆ ಮಾತ್ರ ಒಂದು ಮುಖದ ವಿಶೇಷ ಹಾರಿಬಂದು ಬೀಳುತ್ತದೆ.

ಆ ಅಂದಾಜು ಎಲ್ಲಿಂದ ಬರುತ್ತದೆ? ನಾವು ನೋಡಿದ ಮುಖಗಳಿಂದಲೇ. ನೂರು ಜನರನ್ನು ನೋಡಿದವರ ಸರಾಸರಿಗೂ ಹೊಸೂರು ರಸ್ತೆಯ ಅಂಚಿನಲ್ಲಿ ವರ್ಷಗಟ್ಟಲೆ ನಿಂತವರ ಸರಾಸರಿಗೂ ಅಂತರವಿದೆ. ಒಂದೇ ಪ್ರದೇಶದ ಮುಖಗಳ ನಡುವೆ ಬೆಳೆದವರಿಗೆ ದೂರದ ಊರಿನವರೆಲ್ಲ ಒಂದೇ ಥರ ಕಾಣುವುದೂ ಇದರಿಂದಲೇ.

ಇಲ್ಲಿ ಬೆಂಗಳೂರಿನದೇ ಒಂದು ಅಧ್ಯಯನವನ್ನು ಹೇಳಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಹರೀಶ್ ಕಟ್ಟಿ ಮತ್ತು ಎಸ್.ಪಿ. ಅರುಣ್ ಸಾವಿರಕ್ಕೂ ಹೆಚ್ಚು ಭಾರತೀಯ ಮುಖಗಳನ್ನು ಜನರಿಗೆ ತೋರಿಸಿ, ಇವರು ಉತ್ತರ ಭಾರತದವರೋ ದಕ್ಷಿಣದವರೋ ಎಂದು ಕೇಳಿದರು. ನಮ್ಮಲ್ಲಿ ಬಹುಪಾಲು ಜನ ಇದನ್ನು ನೋಡಿದ ಕೂಡಲೇ ಹೇಳಬಲ್ಲೆವು ಎಂದುಕೊಂಡಿದ್ದೇವೆ. 2019ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಇದೆ. ನಾಣ್ಯ ಚಿಮ್ಮಿದರೂ ನೂರಕ್ಕೆ ಐವತ್ತು ಸರಿಯಾಗುವ ಈ ಪ್ರಶ್ನೆಗೆ ಜನರ ಉತ್ತರ ಮೂರರಲ್ಲಿ ಎರಡು ಸಲವೂ ಸರಿಯಾಗಿರಲಿಲ್ಲ. ಸರಿಯಾಗಿ ಹೇಳಿದಾಗ ಅವರಿಗೆ ಹೆಚ್ಚು ನೆರವಾದದ್ದು ಕಣ್ಣೂ ಅಲ್ಲ, ಮೂಗೂ ಅಲ್ಲ, ಬಾಯಿಯ ಸುತ್ತಲಿನ ಆಕಾರ. ಬಾಯಿಯನ್ನು ಮುಚ್ಚಿ ತೋರಿಸಿದಾಗ ಜನ ಹೆಚ್ಚು ತಪ್ಪಿದರು.

ಕಾರ್ಟೂನು ಕಲಿಯುವವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು. ಮಲಯಾಳಿ ಎಂದರೆ ಹೀಗೆ, ಬಿಹಾರಿ ಎಂದರೆ ಹೀಗೆ, ಮಣಿಪುರದವರೆಂದರೆ ಹೀಗೆ ಎಂದು ಬಿಡಿಸುವ ಚಿತ್ರಗಳು ನನಗೆ ನೋವುಂಟುಮಾಡುತ್ತವೆ, ಅವು ಸೋಮಾರಿ ಚಿತ್ರಗಳೂ ಹೌದು. ಒಂದು ಗುಂಪನ್ನು ಇನ್ನೊಂದರಿಂದ ಬೇರ್ಪಡಿಸುವ ಗೆರೆಯನ್ನು ಹಿಗ್ಗಿಸಿದಾಗ ಎದುರಿಗಿದ್ದ ವ್ಯಕ್ತಿ ಕಳೆದುಹೋಗುತ್ತಾನೆ. ಬಸ್ಸಿಗೆ ಕಾಯುತ್ತಿರುವ ನಾಲ್ವರು ಮಲಯಾಳಿ ನರ್ಸುಗಳನ್ನು ಬಿಡಿಸುವಾಗ ಆ ನಾಲ್ವರಲ್ಲಿ ಒಬ್ಬರು ಇನ್ನೊಬ್ಬರಿಂದ ಹೇಗೆ ಬೇರೆ ಎಂದು ಹುಡುಕಿ. ಕಷ್ಟದ ಕೆಲಸ, ಆದರೆ ನೋಟ ಹರಿತವಾಗುವುದು ಅದರಲ್ಲೇ.

ನಮ್ಮ ನಾಡಿನ ಅತಿ ದೊಡ್ಡ ವ್ಯಂಗ್ಯಚಿತ್ರಕಾರರ ಅತಿ ದೊಡ್ಡ ಪಾತ್ರ ಹುಟ್ಟಿದ ಬಗೆ ಇಲ್ಲಿ ನೆನಪಾಗುತ್ತದೆ. ಆರ್.ಕೆ. ಲಕ್ಷ್ಮಣ್ 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲ ಬಿಡಿಸುತ್ತಿದ್ದ ಹುಡುಗ. ಶಾಲೆಯಲ್ಲಿ ಅರಳಿ ಎಲೆಯ ಚಿತ್ರವನ್ನು ಮೇಷ್ಟರು ಮೆಚ್ಚಿದ್ದು ಅವರೊಳಗೆ ಬೇರು ಬಿಟ್ಟಿತು. ಮುಂಬೈನ ಜೆ.ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಓದಿದರು, ಡಾ. ಎಂ. ಶಿವರಾಂ (ರಾಶಿ) 1942ರಲ್ಲಿ ಶುರುಮಾಡಿದ 'ಕೊರವಂಜಿ'ಗೆ ಚಿತ್ರ ಬರೆದರು. ಆಮೇಲೆ ಮುಂಬೈನಲ್ಲಿ ಟೈಮ್ಸ್ ಆಫ್ ಇಂಡಿಯಾಕ್ಕೆ ದಿನವೂ ಬಿಡಿಸುವಾಗ ದೇಶದ ಎಲ್ಲರನ್ನೂ ತೋರಿಸುವ ಆಸೆಯಿಂದ ಒಂದೇ ಚೌಕಟ್ಟಿನಲ್ಲಿ ಬಂಗಾಳಿ, ಪಂಜಾಬಿ, ತಮಿಳ ಎಂದು ಹಲವರನ್ನು ತುಂಬುತ್ತಿದ್ದರು. ಪ್ರೆಸ್ಸಿಗೆ ಹೋಗುವ ಗಡಿಬಿಡಿಯಲ್ಲಿ ಜನ ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಬಂದು ಕೊನೆಗೆ ಒಬ್ಬನೇ ಉಳಿದ: ಪಂಚೆ, ಚೌಕುಳಿ ಕೋಟು, ದುಂಡು ಕನ್ನಡಕ, ನೆತ್ತಿಯ ಹಿಂದೆ ನಾಲ್ಕು ಕೂದಲು, ಬಾಯಿಬಿಡದ ಶ್ರೀಸಾಮಾನ್ಯ. 1951ರಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವನು ನಿಂತ.

ಹಲವರನ್ನು ಒಂದೇ ಮುಖದಲ್ಲಿ ಹಿಡಿಯಲು ಹಿಂದೆ ಇನ್ನೊಬ್ಬನೂ ಹೊರಟಿದ್ದ. 1878ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಕೈದಿಗಳ ಫೋಟೊಗಳನ್ನು ಒಂದರ ಮೇಲೊಂದು ಮೂಡಿಸಿ ಅಪರಾಧಿಯ ಮಾದರಿ ಮುಖ ಸಿಗುವುದೇ ಎಂದು ಹುಡುಕಿದ್ದ. ಸಿಕ್ಕಿದ್ದು ಕೇಡಿನ ಲಕ್ಷಣಗಳೆಲ್ಲ ಕರಗಿಹೋದ, ಬಿಡಿ ಮುಖಗಳಿಗಿಂತ ಲಕ್ಷಣವಾದ ಒಂದು ಮುಖ. ಸರಾಸರಿ ಯಾರ ಗುರುತನ್ನೂ ಉಳಿಸಿಕೊಳ್ಳುವುದಿಲ್ಲ. ಲಕ್ಷ್ಮಣರ ಬೆರಳಿಗೆ ಇದು ಗೊತ್ತಿತ್ತು ಎಂದು ನನಗನ್ನಿಸುತ್ತದೆ. ಶ್ರೀಸಾಮಾನ್ಯ ಎಲ್ಲರ ಸರಾಸರಿ, ಆದರೆ ಅವನ ಮೂಗು, ಮೀಸೆ, ಕೋಟಿನ ಚೌಕುಳಿ ಅವನೊಬ್ಬನದೇ. ಅದಕ್ಕೇ ಕಿಕ್ಕಿರಿದ ಚಿತ್ರದ ಮೂಲೆಯಲ್ಲಿ ಬೆರಳುದ್ದ ನಿಂತರೂ ಓದುಗರ ಕಣ್ಣು ಅವನನ್ನು ಹುಡುಕಿಕೊಳ್ಳುತ್ತಿತ್ತು.

ಲಕ್ಷ್ಮಣ್ ಬಾಲ್ಯದಿಂದ ಕೊನೆಗಾಲದವರೆಗೂ ಬಿಡದೆ ಬಿಡಿಸಿದ್ದು ಕಾಗೆಗಳನ್ನು. ಮನುಷ್ಯರನ್ನು ಬಿಡಿಸಲು ಸಂಕೋಚವಿರುವವರಿಗೆ ಹಕ್ಕಿ ಒಳ್ಳೆಯ ಗುರು, ದಿಟ್ಟಿಸಿ ನೋಡಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಮಡಿವಾಳ ಕೆರೆಯ ದಂಡೆಗೆ ಬೆಳಗ್ಗೆ ಹೋಗಿ. ಕೆರೆಗೆ ಬರುವ ಹೆಜ್ಜಾರ್ಲೆಯನ್ನು ಪ್ರಕೃತಿ ಅರ್ಧ ಕಾರ್ಟೂನಾಗಿಯೇ ಮಾಡಿ ಕಳಿಸಿದೆ: ದೇಹಕ್ಕೆ ಹೊಂದದಷ್ಟು ಉದ್ದ ಕೊಕ್ಕು, ಕೊಕ್ಕಿನ ಕೆಳಗೆ ಜೋಲುವ ಚೀಲ, ಅದನ್ನೆಲ್ಲ ಹೊತ್ತು ಗಂಭೀರವಾಗಿ ತೇಲುವ ಮೈ. ದೇಹಕ್ಕೊಂದು ಅಡ್ಡ ಅಂಡಾಕಾರ, ಕತ್ತಿಗೆ ಎರಡು ಸಲ ಬಾಗಿದ ಒಂದೇ ಗೆರೆ, ತಲೆಗೆ ಸಣ್ಣ ಸುತ್ತು, ಕೊಕ್ಕಿಗೆ ಉದ್ದ ತ್ರಿಕೋನ. ನಾಲ್ಕೇ ಆಕಾರ. ಆಮೇಲೆ ಪಕ್ಕದಲ್ಲಿ ರೆಕ್ಕೆ ಒಣಗಿಸುತ್ತ ಕೂತ ನೀರುಕಾಗೆಯನ್ನು, ಒಂಟಿಕಾಲಲ್ಲಿ ನಿಂತ ಬೆಳ್ಳಕ್ಕಿಯನ್ನು ಅವೇ ಆಕಾರಗಳನ್ನು ಹಿಗ್ಗಿಸಿ ಕುಗ್ಗಿಸಿ ಬಿಡಿಸಿ. ಹಕ್ಕಿ ಎಂಬ ಸರಾಸರಿ ಕೈಯಲ್ಲಿ ಕೂತ ಮೇಲೆ ಮನೆಯ ಸಜ್ಜೆಯ ಮೇಲೆ ಕೂರುವ ಬೂದುಕತ್ತಿನ ಕಾಗೆಯ ಠೀವಿ ತಾನಾಗಿ ಕಾಣತೊಡಗುತ್ತದೆ.

ದೇಹದ ವಿಷಯಕ್ಕೆ ಬಂದರೆ ಕಡ್ಡಿ ಮನುಷ್ಯನನ್ನು ಹಗುರವಾಗಿ ಕಾಣಬೇಡಿ. ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಕತ್ತಲೆಯಲ್ಲಿ ನಡೆಯುವವರ ಕೀಲುಗಳಿಗೆ ಹತ್ತು ಹನ್ನೆರಡು ಬೆಳಕಿನ ಚುಕ್ಕಿಗಳನ್ನು ಕಟ್ಟಿ ಚಿತ್ರೀಕರಿಸಿದರು. ಚುಕ್ಕಿಗಳು ನಿಂತಿದ್ದಾಗ ಏನೂ ಅರ್ಥವಾಗುವುದಿಲ್ಲ, ಚಲಿಸಿದ ಕ್ಷಣಾರ್ಧದಲ್ಲಿ ನಡೆಯುವ ಮನುಷ್ಯ ಕಾಣುತ್ತಾನೆ. ನಾಲ್ಕು ವರ್ಷದ ಮೇಲೆ ಕಟಿಂಗ್ ಮತ್ತು ಕೊಜ್ಲೋವ್‌ಸ್ಕಿ ತೋರಿಸಿದಂತೆ, ಚುಕ್ಕಿಗಳ ನಡಿಗೆಯಿಂದಲೇ ಇದು ಯಾವ ಸ್ನೇಹಿತ ಎಂದೂ ಒಂದಷ್ಟು ಮಟ್ಟಿಗೆ ಗುರುತು ಹಿಡಿಯಬಹುದು. ಹಾಗಾಗಿ ಬಸ್ಸಿಗೆ ಕಾಯುವವರನ್ನು ಬಿಡಿಸುವಾಗ ಮೊದಲು ಹೆಗಲು, ಸೊಂಟ, ಮಂಡಿ, ಪಾದಗಳಿಗೆ ಚುಕ್ಕಿ ಇಟ್ಟು ಸೇರಿಸಿ. ಭಾರವನ್ನು ಯಾವ ಕಾಲಿನ ಮೇಲೆ ಬಿಟ್ಟಿದ್ದಾರೆ ಎಂಬುದು ಸರಿಯಾಗಿ ಬಂದರೆ ಬಟ್ಟೆ ಬರೆ ಆಮೇಲೆ ಹೇಗೋ ಬರುತ್ತದೆ.

ಹೊಳೆಯುವ ಕ್ಷಣದ ಬಗ್ಗೆ ವಿಜ್ಞಾನ ಏನು ಹೇಳುತ್ತದೆ? ಗಣಿತಜ್ಞ ಹೆನ್ರಿ ಪ್ವಾಂಕರೆ ದಿನಗಟ್ಟಲೆ ಒಂದು ಸಮಸ್ಯೆಯೊಡನೆ ಗುದ್ದಾಡಿ, ಅದನ್ನು ಮರೆತು ಪ್ರವಾಸ ಹೊರಟು, ಕೂಟಾನ್ಸ್ ಎಂಬ ಊರಿನಲ್ಲಿ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟ ಗಳಿಗೆಯಲ್ಲಿ ಉತ್ತರ ಹೊಳೆದದ್ದನ್ನು ಬರೆದಿದ್ದಾನೆ. ಇಂಗ್ಲೆಂಡಿನ ಗ್ರಹಾಂ ವಾಲಸ್ 1926ರಲ್ಲಿ ಇಂಥ ಅನುಭವಗಳನ್ನು ಕಲೆಹಾಕಿ ನಾಲ್ಕು ಹಂತ ಗುರುತಿಸಿದ: ಸಿದ್ಧತೆ, ಕಾವು, ಹೊಳಹು, ಪರೀಕ್ಷೆ. ಎಲ್ಲರೂ ಮೂರನೆಯದರ ಕಥೆ ಹೇಳುತ್ತಾರೆ. ಮೊದಲನೆಯದಿಲ್ಲದೆ ಪ್ವಾಂಕರೆಗೂ ಬಸ್ಸು ಬರೀ ಬಸ್ಸಾಗಿರುತ್ತಿತ್ತು. ನಡಿಗೆಗೂ ಇದರಲ್ಲಿ ಪಾಲಿದೆ. ಸ್ಟ್ಯಾನ್‌ಫರ್ಡ್‌ನ ಮೆರಿಲಿ ಒಪೆಜೊ ಮತ್ತು ಡೇನಿಯಲ್ ಶ್ವಾರ್ಟ್ಜ್ 2014ರಲ್ಲಿ, ಒಂದು ಸಾಮಾನ್ಯ ವಸ್ತುವಿಗೆ ಎಷ್ಟು ಹೊಸ ಬಳಕೆ ಯೋಚಿಸಬಲ್ಲಿರಿ ಎಂದು ಜನರನ್ನು ಕೂತಾಗಲೂ ನಡೆಯುವಾಗಲೂ ಕೇಳಿದರು. ನಡೆಯುವಾಗ ಹೊಸ ಯೋಚನೆಗಳು ಸರಾಸರಿ ನೂರಕ್ಕೆ ಅರವತ್ತರಷ್ಟು ಹೆಚ್ಚಿದವು, ಗೋಡೆ ನೋಡುತ್ತ ಟ್ರೆಡ್‌ಮಿಲ್ ಮೇಲೆ ನಡೆದರೂ! ಒಂದೇ ಸರಿಯುತ್ತರ ಬೇಕಾದ ಪ್ರಶ್ನೆಗಳಲ್ಲಿ ಮಾತ್ರ ನಡಿಗೆ ನೆರವಾಗಲಿಲ್ಲ. ಕೆರೆ ಏರಿಯ ಮೇಲೆ ನಡೆಯುತ್ತ ಹುಡುಕಿ, ಮನೆಯಲ್ಲಿ ಕೂತು ತಿದ್ದಿ.

ಜೇಬಿನಲ್ಲಿ ಹಿಡಿಸುವ ನೋಟ್‌ಬುಕ್ಕೂ ಒಂದು ಬಾಲ್‌ಪೆನ್ನೂ ಸಾಕು. ರಬ್ಬರ್ ಬೇಡ ಎಂಬುದು ನನ್ನ ಹಟ, ಅಳಿಸುವ ಹೊತ್ತಿನಲ್ಲಿ ಬಸ್ಸು ಹೊರಟಿರುತ್ತದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಮೆಟ್ರೋ ಹಳದಿ ಮಾರ್ಗದಲ್ಲಿ ಎದುರು ಸಾಲಿನಲ್ಲಿ ಕೂತವರನ್ನು ನೋಡುತ್ತ ಹೋಗುವುದೂ ಒಳ್ಳೆಯ ಪಾಠ. ಆದರೆ ಫೋಟೊ ತೆಗೆಯಬೇಡಿ. ಅವರ ಅನುಮತಿಯ ಪ್ರಶ್ನೆ ಒಂದು, ಇನ್ನೊಂದು ನಿಮ್ಮ ಕಲಿಕೆಯದು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೆಫ್ರಿ ವಾಮ್ಸ್, ಮೆಲಿಸಾ ಮೀಡ್ ಮತ್ತು ಮೈರಾ ಫರ್ನಾಂಡಿಸ್ 2016ರಲ್ಲಿ ಜನರಿಗೆ ಕೆಲವು ಪದಗಳನ್ನು ಪದೇಪದೇ ಬರೆಯಲು, ಇನ್ನು ಕೆಲವು ಪದಗಳ ಚಿತ್ರ ಗೀಚಲು ಹೇಳಿದರು. ಒಂದೊಂದಕ್ಕೆ ನಲವತ್ತು ಸೆಕೆಂಡು. ಗೀಚಿದ ಪದಗಳು ಹೆಚ್ಚು ನೆನಪಿನಲ್ಲಿ ಉಳಿದವು, ಚಿತ್ರ ಎಷ್ಟೇ ಸೊಟ್ಟಗಿದ್ದರೂ ಸರಿಯೇ. ಎದುರಿಗಿದ್ದವರು ಇಳಿದು ಹೋದ ಮೇಲೆ ನೆನಪಿನಿಂದ ಬಿಡಿಸಿ: ನೆನಪು ಉಳಿಸಿಕೊಳ್ಳುವುದು ವ್ಯತ್ಯಾಸವನ್ನು, ಕಾರ್ಟೂನಿಗೆ ಬೇಕಾದದ್ದೂ ಅದೇ.

ದೊಡ್ಡವರ ಗೆರೆಗಳನ್ನು ಹತ್ತಿರದಿಂದ ನೋಡಬೇಕೆನಿಸಿದರೆ ಎಂ.ಜಿ. ರಸ್ತೆಯ ಪಕ್ಕದ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2007ರಲ್ಲಿ ತೆರೆದ ಕಾರ್ಟೂನ್ ಗ್ಯಾಲರಿಯಿದೆ. ಅಚ್ಚಾದ ಚಿತ್ರದಲ್ಲಿ ಕಾಣದ ಅಳುಕು, ತಿದ್ದುಪಡಿ, ಒಂದೇ ಎಳೆತದ ಧೈರ್ಯ ಮೂಲಪ್ರತಿಯಲ್ಲಿ ಕಾಣುತ್ತವೆ. 'ಪ್ರಜಾವಾಣಿ'ಯ ಚಿನಕುರಳಿಯನ್ನು ದಿನವೂ ಓದುವವರು ಒಂದು ವಾರ ಮಾತುಗಳನ್ನು ಬೆರಳಿನಿಂದ ಮುಚ್ಚಿ ಚಿತ್ರವನ್ನಷ್ಟೇ ನೋಡಲಿ, ಎಷ್ಟು ಕಡಿಮೆ ಗೆರೆಯಲ್ಲಿ ಎಷ್ಟು ಸುದ್ದಿ ಇದೆ ಎಂದು ತಿಳಿಯುತ್ತದೆ.

ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಇರುವುದೂ ಇದೇ ಮಡಿವಾಳದಲ್ಲಿ. ಗುರುತು ಹಿಡಿಯುವ ವಿಜ್ಞಾನಕ್ಕೂ ಕಾರ್ಟೂನಿಗೂ ಸಂಬಂಧವಿದೆ ಎಂದು ತೋರಿಸಿದವರು ಬ್ರಿಟನ್ನಿನ ಚಾರ್ಲಿ ಫ್ರೌಡ್ ಮತ್ತು ಸಂಗಡಿಗರು. ಸಾಕ್ಷಿಗಳ ನೆನಪಿನಿಂದ ಪೊಲೀಸರು ಕಟ್ಟುವ ಶಂಕಿತರ ಚಿತ್ರಗಳನ್ನು ಜನ ಗುರುತಿಸುವುದೇ ಕಡಿಮೆ. 2007ರಲ್ಲಿ ಇವರು ಅಂಥ ಚಿತ್ರವನ್ನು ಸರಾಸರಿಯ ಕಡೆಗೆ ಕುಗ್ಗಿಸುತ್ತ, ಮತ್ತೆ ವ್ಯಂಗ್ಯಚಿತ್ರದ ಕಡೆಗೆ ಹಿಗ್ಗಿಸುತ್ತ ಚಲಿಸುವಂತೆ ಮಾಡಿ ತೋರಿಸಿದಾಗ ಗುರುತಿಸಿದವರ ಸಂಖ್ಯೆ ಏರಿತು.

ಈ ಪ್ರಯೋಗದ ಸಣ್ಣ ರೂಪವನ್ನು ನೀವೇ ಮಾಡಬಹುದು. ಆಫೀಸಿನಲ್ಲೋ ಕಾಲೇಜಿನಲ್ಲೋ ಎಲ್ಲರಿಗೂ ಪರಿಚಿತರಾದ ಒಬ್ಬರನ್ನು ಅವರ ಒಪ್ಪಿಗೆ ಪಡೆದು ನಾಲ್ಕು ಹಾಳೆಗಳಲ್ಲಿ ಬಿಡಿಸಿ: ಒಂದು ಇದ್ದಂತೆ, ಒಂದು ವಿಶೇಷಗಳನ್ನು ಕುಗ್ಗಿಸಿ, ಒಂದು ಸ್ವಲ್ಪ ಹಿಗ್ಗಿಸಿ, ಇನ್ನೊಂದು ವಿಪರೀತ ಹಿಗ್ಗಿಸಿ. ಒಂದು ಸಲ ಉತ್ತರ ಗೊತ್ತಾದವರು ಎರಡನೆಯ ಹಾಳೆಯನ್ನು ನಿಜವಾಗಿ ನೋಡಲಾರರು, ಆದ್ದರಿಂದ ಒಬ್ಬರಿಗೆ ಒಂದೇ ಹಾಳೆ ತೋರಿಸಿ, ಪ್ರತಿ ಹಾಳೆಗೂ ನಾಲ್ಕೈದು ಜನ ಬೇರೆ ಬೇರೆ ಇರಲಿ. ಹೆಸರು ಹೇಳಲು ಎಷ್ಟು ಹೊತ್ತು ಹಿಡಿಯಿತು ಎಂದು ಮೊಬೈಲಿನಲ್ಲಿ ಅಳೆದು ಹಾಳೆಯ ಹಿಂದೆ ಬರೆಯಿರಿ. ಕುಗ್ಗಿಸಿದ ಹಾಳೆ ಇದ್ದಂತೆ ಬಿಡಿಸಿದ್ದಕ್ಕಿಂತ ಬೇಗ ಗುರುತಾದರೆ ನೀವು ಹಿಡಿದ ವಿಶೇಷ ಆ ವ್ಯಕ್ತಿಯದಲ್ಲ ಎಂದರ್ಥ. ಆಗ ಮತ್ತೊಮ್ಮೆ ಅವರ ಎದುರು ಕೂತು ಹುಬ್ಬಿನಿಂದ ಶುರುಮಾಡಿ.